ವರ್ಷಗಟ್ಟಲೆ ಮುಟ್ಟದ ಹಾರ್ಡ್‌ವೇರ್ ವಾಲೆಟ್ ಅಪ್‌ಡೇಟ್ ಮಾಡಿದರೆ ಕಾಯಿನ್ ಹೋಗಿಬಿಡುತ್ತಾ?

ಅಪ್‌ಡೇಟ್ ಮಾಡಿದ್ದಕ್ಕೇ ಕಾಯಿನ್ ಹೋಗುವುದಿಲ್ಲ. ಆದರೂ ಈಗಲೇ ಮಾಡಬೇಡಿ. ಸಾಧನ ಮೊದಲ ಸಲ ಶುರುಮಾಡಿದಾಗ ಅದು ತೋರಿಸಿದ್ದನ್ನು ನೀವು ಬರೆದಿಟ್ಟುಕೊಂಡ 24 ಪದಗಳ ಚೀಟಿ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಸಾಧನ ಟ್ರಂಕಿನಲ್ಲೇ ಇರಲಿ. ಇಷ್ಟು ವರ್ಷ ಇದ್ದದ್ದು ಇನ್ನೆರಡು ವಾರ ಇದ್ದರೆ ಏನೂ ಕೆಡುವುದಿಲ್ಲ.

ನೀವು ಬರೆದದ್ದರಲ್ಲಿ ನನಗೆ ತಿಳಿದದ್ದು ಇಷ್ಟು. 2017ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಲೆಡ್ಜರ್ ಕಂಪನಿಯ ನ್ಯಾನೋ ಎಸ್ ಎಂಬ ಹಾರ್ಡ್‌ವೇರ್ ವಾಲೆಟ್ (ಕ್ರಿಪ್ಟೋ ಕೀಲಿ ಇಡುವ ಪೆನ್‌ಡ್ರೈವ್‌ನಂಥ ಸಾಧನ) ತರಿಸಿ ಸ್ವಲ್ಪ ಬಿಟ್‌ಕಾಯಿನ್, ಸ್ವಲ್ಪ ಇಥೀರಿಯಮ್ ಹಾಕಿಟ್ಟಿರಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಕೊಡಗಿನ ಮಾದಾಪುರದ ಮನೆ ಬಿಟ್ಟು ಹೊರಡುವ ಗಡಿಬಿಡಿಯಲ್ಲಿ ಅದು ಕಾಗದಪತ್ರದ ಟ್ರಂಕಿನ ಜೊತೆ ಬಂತು, ಆಮೇಲೆ ತೆಗೆದೇ ಇಲ್ಲ. ಚೀಟಿ ನೀರು ಕುಡಿದಿದೆ. ಪಿನ್ ‘ನೆನಪಿದೆ ಅನ್ಸುತ್ತೆ’. ಕಾಫಿ ತೋಟಕ್ಕೆ ಹಣ ಬೇಕಾಗಿದೆ, ಮೊದಲು ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಲೇಬೇಕು ಎಂದು ಯಾರೋ ಹೇಳಿದ್ದಾರೆ. ಭಾವನ ಹತ್ತಿರ ಟ್ರೆಜರ್ ಒನ್ ಎಂಬ ಬೇರೆ ಕಂಪನಿಯ ವಾಲೆಟ್ ಕೂಡ ಇದೆ. ನಾನು ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಇಂಥ ಪೆಟ್ಟಿಗೆಗಳನ್ನು ಹಿಡಿದುಕೊಂಡು ಬರುವವರು ಈ ಕಡೆ ನೀವಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ.

ಕಾಯಿನ್ ಇರುವುದು ಆ ಸಾಧನದೊಳಗಲ್ಲ, ಬ್ಲಾಕ್‌ಚೈನ್ ಎಂಬ ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕದಲ್ಲಿ. ಪಾಸ್‌ಬುಕ್ ಒದ್ದೆಯಾದರೆ ಬ್ಯಾಂಕಿನಲ್ಲಿರುವ ದುಡ್ಡು ಒದ್ದೆಯಾಗುವುದಿಲ್ಲವಲ್ಲ, ಹಾಗೆ. ಸಾಧನದಲ್ಲಿರುವುದು ಕಾಯಿನ್ ಕಳಿಸಲು ಬೇಕಾದ ಗುಟ್ಟಿನ ಸಂಖ್ಯೆ, ಅಂದರೆ ಖಾಸಗಿ ಕೀಲಿ, ಆ ಕೀಲಿ ಹುಟ್ಟುವುದು ನಿಮ್ಮ 24 ಪದಗಳಿಂದ. ಆಗ ಕಾಯಿನ್ ಕೊಂಡ ಎಕ್ಸ್‌ಚೇಂಜಿನಿಂದ ಬಂದಿದ್ದ ಇಮೇಲ್ ಸಿಕ್ಕಿದರೆ ಅದರಲ್ಲಿ ನಿಮ್ಮ ವಾಲೆಟ್ ವಿಳಾಸ (ಬ್ಯಾಂಕಿನ ಖಾತೆ ಸಂಖ್ಯೆಯ ಹಾಗೆ) ಇರಬಹುದು. ಬಿಟ್‌ಕಾಯಿನ್ ವಿಳಾಸವನ್ನು ಮೆಂಪೂಲ್ ಡಾಟ್ ಸ್ಪೇಸ್‌ನಲ್ಲಿ, ಇಥೀರಿಯಮ್ ವಿಳಾಸವನ್ನು ಈಥರ್‌ಸ್ಕ್ಯಾನ್ ತಾಣದಲ್ಲಿ ಹಾಕಿ ನೋಡಿ. ಸಾಧನ ಮುಟ್ಟದೆಯೇ ಬ್ಯಾಲೆನ್ಸ್ ಕಾಣುತ್ತದೆ, ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ವಿಳಾಸವನ್ನು ಎಲ್ಲಿ ಬೇಕಾದರೂ ಟೈಪ್ ಮಾಡಬಹುದು. ಪದಗಳನ್ನು ಮಾತ್ರ ಯಾವ ವೆಬ್‌ಸೈಟಿನಲ್ಲೂ, ಯಾವ ಫೋನಿನಲ್ಲೂ, ನೆಟ್ ಇರುವ ಯಾವ ಕಂಪ್ಯೂಟರಿನಲ್ಲೂ ಟೈಪ್ ಮಾಡಬೇಡಿ.

ಇನ್ನು ಚೀಟಿ. ನಮ್ಮ ಮಳೆಗಾಲದಲ್ಲಿ ಗಾದ್ರೇಜ್ ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಕಾಗದ ಯಾವ ಲೆಕ್ಕ. ಬಾಲ್‌ಪೆನ್ನಿನಲ್ಲಿ ಬರೆದಿದ್ದರೆ ಬಹುಶಃ ಓದಬಹುದು. ಜೆಲ್ ಪೆನ್ನಾದರೆ ಶಾಯಿ ಹರಡಿರುತ್ತದೆ. ಹಾಗಿದ್ದರೂ ಕೈಬಿಡಬೇಡಿ. ಈ ಪದಗಳು ಬಿಪ್ 39 ಎಂಬ ಪಟ್ಟಿಯಿಂದ ಬಂದವು. ಅದರಲ್ಲಿರುವುದು ಬರೀ 2048 ಇಂಗ್ಲಿಷ್ ಪದ, ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವ ಎರಡು ಪದ ಅದರಲ್ಲಿಲ್ಲ. ಅಂದರೆ ಮೊದಲ ನಾಲ್ಕು ಅಕ್ಷರ ಓದಲು ಬಂದರೆ ಸಾಕು, ಪೂರ್ತಿ ಪದ ಸಿಕ್ಕಿದ ಹಾಗೆ. ಪಟ್ಟಿ ಎಲ್ಲರಿಗೂ ತೆರೆದದ್ದು. ಪ್ರಿಂಟ್ ತೆಗೆದುಕೊಂಡು ಚೀಟಿಯ ಪಕ್ಕ ಇಟ್ಟು, ಹಗಲು ಬೆಳಕಿನಲ್ಲಿ ಒಂದೊಂದಾಗಿ ತಾಳೆ ನೋಡಿ. 24ರಲ್ಲಿ ಒಂದು ಪದ ಪೂರ್ತಿ ಅಳಿಸಿಹೋಗಿದ್ದು, ಅದು ಎಷ್ಟನೆಯದು ಎಂದು ಗೊತ್ತಿದ್ದರೂ ದಾರಿಯಿದೆ. ಪದಗಳ ಕೊನೆಯಲ್ಲಿ ತಾಳೆಗೆಂದೇ 8 ಬಿಟ್ ಸೇರಿರುವುದರಿಂದ 2048 ಸಾಧ್ಯತೆಗಳಲ್ಲಿ ಸುಮಾರು 8 ಮಾತ್ರ ಹೊಂದುತ್ತವೆ. ಆ ಲೆಕ್ಕವನ್ನು ಇಂಟರ್‌ನೆಟ್‌ಗೆ ಸೇರಿಸದ ಕಂಪ್ಯೂಟರಿನಲ್ಲೇ ಮಾಡಬೇಕು. ‘ಕಳೆದ ಪದ ಹುಡುಕಿ ಕೊಡುತ್ತೇವೆ’ ಎನ್ನುವ ವೆಬ್‌ಸೈಟುಗಳು ಹುಡುಕಿ ಕೊಡುವುದಿಲ್ಲ, ಹುಡುಕಿ ಇಟ್ಟುಕೊಳ್ಳುತ್ತವೆ.

ಇಲ್ಲಿ ಒಂದು ಪ್ರಶ್ನೆ ನಾನು ಕೇಳಬೇಕು. 2018ರ ಆ ಮಳೆಯಾದ ಮೇಲೆ ಈ ಭಾಗದ ಬಹಳ ಜನ ಆರ್‌ಟಿಸಿ, ಆಧಾರ್, ಪಾಸ್‌ಬುಕ್ಕು ಎಲ್ಲದರ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರು. ಆ ಗಡಿಬಿಡಿಯಲ್ಲಿ ಈ ಚೀಟಿಯದ್ದೂ ತೆಗೆದಿದ್ದೀರಾ? ತೆಗೆದಿದ್ದರೆ ಅದು ಗೂಗಲ್ ಫೋಟೋಸ್‌ಗೂ ಹೋಗಿರಬಹುದು, ಮನೆಯವರ ವಾಟ್ಸ್ಆ್ಯಪ್‌ಗೂ ಹೋಗಿರಬಹುದು. ಈಗ ಅಳಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಆ ಪದಗಳನ್ನು ಬೇರೆಯವರು ನೋಡಿದ್ದಾರೆ ಎಂದೇ ಲೆಕ್ಕ ಹಾಕಿ, ಹೊಸ ಪದಗಳಿರುವ ಹೊಸ ವಾಲೆಟ್ಟಿಗೆ ಎಲ್ಲವನ್ನೂ ಸಾಗಿಸಿ.

ಚೀಟಿ ಸರಿಯಿದೆ ಎಂದಾದರೆ ನನ್ನ ಸಲಹೆ ಬೇರೆಯವರು ಹೇಳುವುದಕ್ಕಿಂತ ಸ್ವಲ್ಪ ಬೇರೆ. ಮೊತ್ತ ದೊಡ್ಡದಿದ್ದರೆ ಹಳೆಯ ನ್ಯಾನೋ ಎಸ್ ಅನ್ನು ಅಪ್‌ಡೇಟ್ ಮಾಡುವ ಗೋಜಿಗೇ ಹೋಗಬೇಡಿ. 2022ರಲ್ಲೇ ಅದರ ತಯಾರಿಕೆ ನಿಂತಿದೆ. ಒಳಗಿನ ಜಾಗ ಎಷ್ಟು ಕಡಿಮೆಯೆಂದರೆ ನಾಲ್ಕಾರು ಆ್ಯಪ್ ಹಾಕುವಷ್ಟರಲ್ಲಿ ತುಂಬಿಹೋಗುತ್ತದೆ. ಕಂಪನಿಯಿಂದಲೇ ಹೊಸ ಸಾಧನ ತರಿಸಿ, ಅದರ ಮೇಲಿನ ಬಟನ್ ಒತ್ತಿಯೇ 24 ಪದ ಹಾಕಿ. ಹಳೆಯ ವಿಳಾಸಗಳೇ ಬಂದರೆ ಚೀಟಿಯ ಪರೀಕ್ಷೆಯೂ ಆಯಿತು, ಕಾಯಿನ್ ಕೈಗೂ ಬಂತು, ಅಷ್ಟು ಹೊತ್ತೂ ಹಳೆಯ ಸಾಧನ ಇದ್ದ ಹಾಗೇ ಇನ್ನೊಂದು ಪ್ರತಿಯಾಗಿ ಉಳಿದಿರುತ್ತದೆ. ಮೊತ್ತ ಚಿಕ್ಕದಾಗಿದ್ದು ಹೊಸದಕ್ಕೆ ಖರ್ಚು ಮಾಡುವುದು ದಂಡ ಅನ್ನಿಸಿದರೆ ಮಾತ್ರ ಹಳೆಯದನ್ನು ಅಪ್‌ಡೇಟ್ ಮಾಡಿ.

ಚೀಟಿ ಹಾಳಾಗಿದ್ದು ಪಿನ್ ಮಾತ್ರ ಸರಿಯಿದ್ದರೆ ಕ್ರಮ ತಿರುವುಮುರುವು. ಆಗ ಮೊದಲು ಕಾಯಿನ್ ಹೊರಗೆ ಸಾಗಿಸಬೇಕು, ಅಪ್‌ಡೇಟ್ ಆಮೇಲಿನ ಮಾತು. ಮಾಮೂಲಾಗಿ ಅಪ್‌ಡೇಟ್ ಆದರೂ ಕೀಲಿ ಉಳಿಯುತ್ತದೆ. ಆದರೆ ಸಾಧನ ಮಧ್ಯದಲ್ಲಿ ಕೈಕೊಟ್ಟು ರೀಸೆಟ್ ಆದರೆ ಪದಗಳಿಲ್ಲದೆ ದೇವರೂ ಕಾಪಾಡಲಾರ. ಕಂಪನಿಯ ಹೊಸ ಆ್ಯಪ್ ‘ಅಪ್‌ಡೇಟ್ ಮಾಡಿ’ ಎಂದು ಹಟ ಹಿಡಿದರೆ, ಬಿಟ್‌ಕಾಯಿನ್ ಮಟ್ಟಿಗೆ ಇಲೆಕ್ಟ್ರಮ್ ಎಂಬ ಕಂಪ್ಯೂಟರ್ ವಾಲೆಟ್ ತಂತ್ರಾಂಶದ ಮೂಲಕ ಪ್ರಯತ್ನಿಸಿ, ಅದು ಹಾರ್ಡ್‌ವೇರ್ ವಾಲೆಟ್ ಜೊತೆ ನೇರವಾಗಿ ಮಾತಾಡುತ್ತದೆ. ಅದನ್ನೂ ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಕಳ್ಳ ಸರ್ವರ್‌ಗಳು ಇಲೆಕ್ಟ್ರಮ್ ಒಳಗೇ ‘ಅಪ್‌ಡೇಟ್ ಮಾಡಿ’ ಎಂಬ ಸುಳ್ಳು ಸಂದೇಶ ತೋರಿಸಿ ಬಹಳ ಜನರ ಬಿಟ್‌ಕಾಯಿನ್ ಬಳಿದುಕೊಂಡು ಹೋದವು. ಅದೂ ಆಗದಿದ್ದರೆ ಮಾತ್ರ, ಗೊತ್ತಿದ್ದೇ ಅಪಾಯಕ್ಕೆ ಕೈಹಾಕಿ.

ಪಿನ್ ವಿಷಯದಲ್ಲಿ ಅಂದಾಜು ಬೇಡ. ಲೆಡ್ಜರ್‌ನಲ್ಲಿ ಮೂರು ಸಲ ತಪ್ಪಾದರೆ ಸಾಧನ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಚೀಟಿ ಖಾತ್ರಿಯಾಗದೆ ಇದ್ದಾಗ ಎರಡನೆಯದೂ ತಪ್ಪಿದರೆ ಕೇಬಲ್ ಕಿತ್ತು ಬದಿಗಿಡಿ.

ನಿಜವಾದ ಅಪಾಯ ಇರುವುದು ಆ್ಯಪ್ ಹುಡುಕುವಾಗ. ನೀವು 2017ರಲ್ಲಿ ಬಳಸಿದ್ದು ಕ್ರೋಮ್ ಬ್ರೌಸರಿನ ಆ್ಯಪ್, ಅದು ಈಗಿಲ್ಲ. 2018ರಲ್ಲಿ ಲೆಡ್ಜರ್ ಲೈವ್ ಬಂತು, 2025ರಲ್ಲಿ ಅದಕ್ಕೆ ಲೆಡ್ಜರ್ ವಾಲೆಟ್ ಎಂದು ಹೆಸರಾಯಿತು. ಹಳೆಯ ಹೆಸರು ನೆನಪಿಟ್ಟುಕೊಂಡು ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ಜಾಹೀರಾತು ಯಾರದ್ದೋ ಗೊತ್ತಿಲ್ಲ. 2023ರಲ್ಲಿ ಮೈಕ್ರೋಸಾಫ್ಟ್‌ನ ಸ್ವಂತ ಸ್ಟೋರಿನಲ್ಲೇ ನಕಲಿ ಲೆಡ್ಜರ್ ಲೈವ್ ಕೂತಿತ್ತು, ನಂಬಿ ಹಾಕಿಕೊಂಡವರು ಕಳೆದುಕೊಂಡರು. ಹಾಗಾಗಿ ಲೆಡ್ಜರ್ ಡಾಟ್ ಕಾಮ್ ಎಂದು ಅಡ್ರೆಸ್ ಬಾರಿನಲ್ಲಿ ನೀವೇ ಟೈಪ್ ಮಾಡಿ, ಅಲ್ಲಿಂದಲೇ ಇಳಿಸಿ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. 2020ರಲ್ಲಿ ಲೆಡ್ಜರ್‌ನ ಗ್ರಾಹಕರ ಮಾಹಿತಿ ಸೋರಿಹೋಯಿತು. ಸುಮಾರು 2,72,000 ಜನರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಆ ವರ್ಷದ ಡಿಸೆಂಬರ್‌ನಲ್ಲಿ ಬಹಿರಂಗವಾದವು. ಕಂಪನಿಯಿಂದ ನೇರ ತರಿಸಿದ್ದರೆ ಅದರಲ್ಲಿ ನೀವೂ ಇರಬಹುದು. ಆಮೇಲೆ ಕೆಲವರ ಮನೆಗೆ ಅಂಚೆಯಲ್ಲಿ ನಕಲಿ ಸಾಧನ ಬಂದಿದೆ, ‘ಸುರಕ್ಷತೆಗಾಗಿ ಪದಗಳನ್ನು ದೃಢೀಕರಿಸಿ’ ಎಂಬ ಲೆಟರ್‌ಹೆಡ್ ಪತ್ರಗಳೂ ಬಂದಿವೆ. ಪದ ಕೇಳುವವನು ಯಾರೇ ಆಗಿರಲಿ, ಕಳ್ಳ. ಈ ಪ್ರಶ್ನೆ ಹಾಕಿದ ಮೇಲೆ ನಿಮಗೆ ‘ಸಪೋರ್ಟ್ ಟೀಮ್’ ಹೆಸರಿನಲ್ಲಿ ಮೆಸೇಜು ಬಂದೇ ಬರುತ್ತದೆ, ಬ್ಲಾಕ್ ಮಾಡಿ. ನನ್ನಂಥ ಅಂಗಡಿಯವನಿಗೂ ಚೀಟಿ ತೋರಿಸಬೇಡಿ. ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಲ್ಲಿ ಕಂಪ್ಯೂಟರ್ ಕೊಡಿ, ಮಾಡಿಕೊಡುತ್ತೇನೆ ಎನ್ನುವವರು ಕುಶಾಲನಗರದಲ್ಲೂ ಇದ್ದಾರೆ, ದೂರವಿರಿ.

ಅಪ್‌ಡೇಟ್ ಮಾಡುವುದೇ ಆದರೆ ಡೆಸ್ಕ್‌ಟಾಪ್ ಬೇಡ, ಬ್ಯಾಟರಿ ಸರಿಯಿರುವ ಲ್ಯಾಪ್‌ಟಾಪ್ ಇರಲಿ. ಜುಲೈ ತಿಂಗಳಲ್ಲಿ ಕರೆಂಟ್ ನಂಬಿ ಕೂರುವವರು ಯಾರು! ಮಳೆ ಮುಗಿದು ಗುಡುಗು ಮಿಂಚಿಲ್ಲದ ದಿನ ನೋಡಿ, ಮರದ ಕೊಂಬೆ ಬಿದ್ದಾಗಲೆಲ್ಲ ಕೈಕೊಡದ ನೆಟ್ ಇರುವ ಕಡೆ ಕೂತು ಮಾಡಿ. ಮೈಕ್ರೋ ಯುಎಸ್‌ಬಿ ಕೇಬಲ್ ಡೇಟಾ ಹೋಗುವಂಥದ್ದಾಗಿರಬೇಕು. ನನ್ನ ಅಂಗಡಿಗೆ ‘ಸಾಧನ ಸತ್ತುಹೋಗಿದೆ’ ಎಂದು ಬರುವವುಗಳಲ್ಲಿ ಎಷ್ಟೋ ಬರೀ ಚಾರ್ಜಿಂಗ್ ಕೇಬಲ್ಲಿನ ಕಥೆಗಳೇ. ಹಬ್ ಇಲ್ಲದೆ ನೇರ ಪೋರ್ಟಿಗೇ ಚುಚ್ಚಿ. ಆ್ಯಪ್ ಮೊದಲು ಸಾಧನ ಅಸಲಿಯೇ ಎಂದು ಪರೀಕ್ಷಿಸುತ್ತದೆ, ಆಮೇಲೆ ಒಂದು ಗುರುತಿನ ಸಂಖ್ಯೆ ತೋರಿಸುತ್ತದೆ. ಕಂಪ್ಯೂಟರಿನಲ್ಲೂ ಸಾಧನದ ಪುಟ್ಟ ಪರದೆಯಲ್ಲೂ ಅದು ಒಂದೇ ಇದ್ದರೆ ಮಾತ್ರ ಒಪ್ಪಿಗೆ ಕೊಡಿ. ನಿಮ್ಮದು ಬಹಳ ಹಳೆಯ ಆವೃತ್ತಿ. ಒಂದೇ ನೆಗೆತಕ್ಕೆ ಹೊಸದಕ್ಕೆ ಹೋಗದೆ, ಮಧ್ಯದ ಆವೃತ್ತಿಗಳನ್ನು ದಾಟಿಕೊಂಡು ಹೋಗಬಹುದು. ನಡುನಡುವೆ ತಾನಾಗಿ ಆಫ್ ಆಗಿ ಆನ್ ಆದರೆ ಹೆದರಬೇಡಿ, ಕೇಬಲ್ ಕೀಳಬೇಡಿ. ‘ಬೂಟ್‌ಲೋಡರ್’ ಎಂದು ತೋರಿಸಿ ಅಲ್ಲೇ ನಿಂತರೂ ಕಥೆ ಮುಗಿದಿಲ್ಲ, ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ರಿಪೇರಿಯ ಆಯ್ಕೆ ಇದೆ.

ಎಲ್ಲ ಆದ ಮೇಲೆ ಬ್ಯಾಲೆನ್ಸ್ ಸೊನ್ನೆ ಕಾಣುವುದು ಮಾಮೂಲು. ಮೊದಲು ಬಿಟ್‌ಕಾಯಿನ್, ಇಥೀರಿಯಮ್ ಆ್ಯಪ್‌ಗಳನ್ನು ಸಾಧನಕ್ಕೆ ಮತ್ತೆ ಹಾಕಬೇಕು, ಆಮೇಲೆ ಖಾತೆ ಸೇರಿಸಬೇಕು. 2017ರ ಬಿಟ್‌ಕಾಯಿನ್ ಬಹುಶಃ ‘1’ ಅಥವಾ ‘3’ರಿಂದ ಶುರುವಾಗುವ ವಿಳಾಸದಲ್ಲಿರುತ್ತದೆ. ಈಗಿನ ಆ್ಯಪ್ ಮೊದಲು ತೋರಿಸುವುದು ‘bc1’ ಎಂದು ಶುರುವಾಗುವ ಹೊಸ ಬಗೆಯದ್ದು. ಎಲ್ಲ ಬಗೆಯ ವಿಳಾಸ ತೋರಿಸು ಎಂಬ ಆಯ್ಕೆ ಒತ್ತಿ, ಲೆಗಸಿ (‘1’ರದ್ದು) ಮತ್ತು ಸೆಗ್‌ವಿಟ್ (‘3’ರದ್ದು) ಎರಡನ್ನೂ ನೋಡಿ.

ಮಾರುವಾಗ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಾಯಿಸಿರುವ ಎಕ್ಸ್‌ಚೇಂಜಿಗೆ ಮೊದಲು ಚೂರು ಕಳಿಸಿ, ಅದು ಮುಟ್ಟಿದ ಮೇಲೆ ಉಳಿದದ್ದು ಕಳಿಸಿ. ಟೆಲಿಗ್ರಾಮಿನಲ್ಲಿ ಸಿಕ್ಕವರಿಗೆ ಕೊಟ್ಟು ಹಣ ತೆಗೆದುಕೊಂಡರೆ, ಆ ಹಣ ಯಾವುದೋ ವಂಚನೆಯದ್ದಾಗಿದ್ದರೆ ನಿಮ್ಮ ಬ್ಯಾಂಕ್ ಖಾತೆಯೇ ಫ್ರೀಜ್ ಆಗುತ್ತದೆ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30% ತೆರಿಗೆ, ಆ ವರ್ಷದ ಜುಲೈನಿಂದ ಮಾರಾಟದ ಮೇಲೆ 1% ಟಿಡಿಎಸ್ ಇದೆ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯಲು ಬರುವುದಿಲ್ಲ, ಆದ್ದರಿಂದ 2017ರ ಬ್ಯಾಂಕ್ ಸ್ಟೇಟ್‌ಮೆಂಟ್ ಹುಡುಕಿಡಿ. ಕಾಫಿ ಲೆಕ್ಕದೊಳಗೆ ಇದನ್ನು ತೂರಿಸಲು ಹೋಗಬೇಡಿ.

ಹೊಸ ಚೀಟಿಗೆ ಸ್ಟೀಲ್ ತಗಡು ಒಳ್ಳೆಯದು, ಬೂಷ್ಟಿನ ಕಾಟವಿಲ್ಲ. ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತುವವನ ಹತ್ತಿರ ಕೊಡಬೇಡಿ ಮತ್ತೆ! ಅಕ್ಷರದ ಪಂಚ್ ಸೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ನೀವೇ ಕುಟ್ಟಿ.

ಭಾವನ ಟ್ರೆಜರ್ ಒನ್‌ಗೂ ‘ಮೊದಲು ಚೀಟಿ’ ಎಂಬ ಕ್ರಮವೇ. ಆ್ಯಪ್ ಟ್ರೆಜರ್ ಸೂಟ್, ಟ್ರೆಜರ್ ಡಾಟ್ ಐಓದಿಂದ. ಅಲ್ಲಿ ತಪ್ಪು ಪಿನ್‌ಗೆ ಕಾಯುವ ಹೊತ್ತು ಪ್ರತಿ ಸಲ ಹೆಚ್ಚುತ್ತಾ ಹೋಗಿ, 16ನೆಯದಕ್ಕೆ ಅಳಿಸಿಹೋಗುತ್ತದೆ. ಸಾಧನ ಕೈಗೆ ಸಿಕ್ಕಿದ ಪರಿಣತ ಕಳ್ಳ ಅದರ ಚಿಪ್‌ನಿಂದ ಪದಗಳನ್ನು ತೆಗೆಯಬಲ್ಲ ಎಂದು 2020ರ ಜನವರಿಯಲ್ಲಿ ಕ್ರಾಕನ್ ಎಂಬ ಎಕ್ಸ್‌ಚೇಂಜಿನವರು ತೋರಿಸಿದರು. ಫರ್ಮ್‌ವೇರ್ ಅಪ್‌ಡೇಟ್ ಅದಕ್ಕೆ ಮದ್ದಲ್ಲ, ಪಾಸ್‌ಫ್ರೇಸ್ (ಪದಗಳ ಜೊತೆಗೆ ನಾವೇ ಇಡುವ ಹೆಚ್ಚುವರಿ ಗುಪ್ತಪದ) ಇಟ್ಟಿದ್ದರೆ ರಕ್ಷಣೆಯಿದೆ. ಭಾವ ಮೊದಲೇ ಪಾಸ್‌ಫ್ರೇಸ್ ಇಟ್ಟಿದ್ದರೇ ಕೇಳಿ. ಇಟ್ಟಿದ್ದು, ಈಗ ಒಂದು ಅಕ್ಷರ ತಪ್ಪು ಹೊಡೆದರೂ ‘ತಪ್ಪು’ ಎಂದು ಹೇಳದೆ ಖಾಲಿ ವಾಲೆಟ್ ತೆರೆದು ತೋರಿಸುತ್ತದೆ. ಪದಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಡಿ ಎಂದೆನಲ್ಲ, ಈ ಸಾಧನದ ಮಾಮೂಲು ರಿಕವರಿಯಲ್ಲಿ (ಪದ ಹಾಕಿ ವಾಲೆಟ್ ಮತ್ತೆ ತೆರೆಯುವಾಗ) ಅದೇ ಕೇಳುತ್ತದೆ, ಕ್ರಮ ಕಲಸಿ ಕೇಳುತ್ತದೆ ಅಷ್ಟೆ. ಅಲ್ಲಿ ಅಡ್ವಾನ್ಸ್ಡ್ ರಿಕವರಿ ಆರಿಸಿಕೊಳ್ಳಲು ಹೇಳಿ. ಅಕ್ಷರಗಳು ಸಾಧನದ ಪರದೆಯಲ್ಲಿ ಮಾತ್ರ ಕಾಣುತ್ತವೆ, ಕಂಪ್ಯೂಟರಿಗೆ ತಿಳಿಯುವುದು ಯಾವ ಚೌಕ ಒತ್ತಿದಿರಿ ಎಂಬುದಷ್ಟೆ. ಹೊತ್ತು ಹಿಡಿಯುತ್ತದೆ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕೂರಲಿ.