‘ಹಾಲಿನ ಮ್ಯಾಲೆ ಒಂದ್ ಕಣ್ಣಿಟ್ಟಿರು’ ಅಂದರೆ ಯಾವ ಕಣ್ಣು? ಮಕ್ಕಳ ನಗೆಗತೆ ಬರೆಯುವವರ ಪ್ರಶ್ನೆಗಳಿಗೆ ಉತ್ತರ

ದೊಡ್ಡವರ ನುಡಿಗಟ್ಟನ್ನು ಇದ್ದದ್ದು ಇದ್ದಂಗೇ ನಂಬಿ ಎಡವಟ್ಟು ಮಾಡುವ ಮಕ್ಕಳ ಕತೆಗಳ ಬಗ್ಗೆ ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಐದು ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಗದಗ ತಾಲೂಕಿನ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಗೆ ಕಲಿಸುತ್ತೇನೆ. ಒಂದು ನಗೆಗತೆ ಬರೆದೆ. ಅವ್ವ ‘ತಲಿ ತಿನ್ನಬ್ಯಾಡ’ ಅಂತಾಳೆ, ಮಗ ‘ನಾ ಎಲ್ಲಿ ತಿಂದೆ?’ ಅಂತಾನೆ. ಹೀಗೇ ಹನ್ನೆರಡು ನುಡಿಗಟ್ಟು ಪೋಣಿಸಿದ್ದೇನೆ. ಮೊದಲೆರಡಕ್ಕೆ ನಕ್ಕ ಮಕ್ಕಳು ಆಮೇಲೆ ಆಕಳಿಸಿದರು. ಎಲ್ಲಿ ತಪ್ಪಿದೆ?

ಎರಡು ಕಡೆ ತಪ್ಪಿದೆ. ಆರಿಸಿದ ನುಡಿಗಟ್ಟಿನಲ್ಲಿ ಒಂದು, ಪೋಣಿಸಿದ ರೀತಿಯಲ್ಲಿ ಇನ್ನೊಂದು.

ನಮ್ಮ ಅಲಂಕಾರಶಾಸ್ತ್ರದವರು ಇದನ್ನು ಎಂದೋ ಬಿಡಿಸಿಟ್ಟಿದ್ದಾರೆ. ‘ಗಂಗೆಯಲ್ಲಿ ಹಳ್ಳಿ ಇದೆ’ ಎಂಬುದು 11ನೆಯ ಶತಮಾನದ ಮಮ್ಮಟನ ‘ಕಾವ್ಯಪ್ರಕಾಶ’ದಲ್ಲೂ ಬರುವ ಉದಾಹರಣೆ. ಹರಿಯುವ ನೀರಿನ ಮೇಲೆ ಹಳ್ಳಿ ನಿಲ್ಲಲಾರದು, ಅಂದರೆ ಮುಖ್ಯಾರ್ಥಕ್ಕೆ ಬಾಧೆ ಬಂತು. ಆಗ ಕೇಳುವವನ ಮನಸ್ಸು ತಾನಾಗಿ ‘ಗಂಗೆಯ ದಂಡೆಯಲ್ಲಿ’ ಎಂಬ ಅರ್ಥಕ್ಕೆ ಸರಿಯುತ್ತದೆ. ಇದಕ್ಕೆ ಲಕ್ಷಣೆ ಅನ್ನುತ್ತಾರೆ. ನಿಮ್ಮ ಕತೆಯ ಹುಡುಗ ಈ ಬಾಧೆ ಕಾಣದವನು. ಹಾಗಾಗಿ ಬಾಧೆ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಿರಬಾರದು. ತಲೆ ತಿನ್ನಲು ಯಾರಿಂದಲೂ ಆಗುವುದಿಲ್ಲ. ಆ ಹುಡುಗ ಮಾತಾಡಬಹುದು ಅಷ್ಟೇ, ಏನನ್ನೂ ಮಾಡಲಾರ. ಮಾಡಲು ಏನೂ ಇಲ್ಲದ ಕಡೆ ಕತೆ ಅಲ್ಲೇ ನಿಂತುಬಿಡುತ್ತದೆ. ಹೇಳಿದ್ದನ್ನು ಹೇಳಿದಂತೆಯೇ ಕೈಕಾಲಿನಿಂದ ಮಾಡಿ ತೋರಿಸಬಹುದಾದ ನುಡಿಗಟ್ಟನ್ನು ಹುಡುಕಿ. ಈ ಬಗೆಯ ಕತೆಯ ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ.

ಪೋಣಿಸುವ ವಿಷಯ. ಹನ್ನೆರಡು ಬಹಳ ಆಯಿತು, ಮೂರು ಸಾಕು. ಆ ಮೂರೂ ಒಂದರ ಹೊಟ್ಟೆಯಿಂದ ಒಂದು ಹುಟ್ಟಬೇಕು. ಮೊದಲ ಎಡವಟ್ಟಿಗೆ ದೊಡ್ಡವರು ಬೈಯುವಾಗ ಬಳಸುವ ಮಾತೇ ಎರಡನೆಯದಕ್ಕೆ ಬೀಜ. ಒಂದು ಮಾದರಿ ನೋಡಿ.

ಆಯಿ ಹಿತ್ತಲಕ್ಕೆ ಹೊರಟಿದ್ದಾಳೆ. ‘ಹಾಲಿನ ಮ್ಯಾಲೆ ಒಂದ್ ಕಣ್ಣಿಟ್ಟಿರವಾ, ಈಗ ಬಂದೆ.’ ಮೊಮ್ಮಗಳು ಕೇಳುತ್ತಾಳೆ: ‘ಯಾವ ಕಣ್ಣ ಆಯಿ, ಎಡಗಡೇದೋ ಬಲಗಡೇದೋ?’ ಆಯಿಗೆ ಕೇಳಿಸಲಿಲ್ಲ. ಹುಡುಗಿ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದನ್ನು ಪಾತೇಲಿಯ ಕಡೆ ನೆಟ್ಟು ನಿಂತಳು. ಹಾಲು ಏರಿತು, ಉಕ್ಕಿತು, ಒಲಿಪಾಲಾಯಿತು. ‘ಯಾಕವಾ ಸುಮ್ನ ನಿಂತಿ?’ ‘ಸುಮ್ನ ನಿಂತಿಲ್ಲ ಆಯಿ. ಉಕ್ಕೂದೂ ನೋಡಿದೆ, ಚೆಲ್ಲೂದೂ ನೋಡಿದೆ. ನೀ ಕಣ್ಣಿಡು ಅಂದಿ, ಕೈ ಹಚ್ಚು ಅನ್ನಲಿಲ್ಲ.’ ಆಯಿ ಬೈಯುತ್ತಾಳೆ: ‘ಬಾಯರ ಬಿಡಬೇಕಿಲ್ಲೋ!’ ಮರುದಿನ ಹಾಲು ಉಕ್ಕುವಾಗ ಹುಡುಗಿ ಬಾಯಿ ಅಗಲ ತೆರೆದು, ಸದ್ದಿಲ್ಲದೆ, ಕೊನೆಯ ಹನಿ ಚೆಲ್ಲುವವರೆಗೂ ನಿಂತಳು. ಆಯಿಗೆ ಸಾಕಾಯಿತು: ‘ಕೈ ಮುಗೀತೀನಿ ತಾಯಿ, ಇನ್ನ ಅಡಗಿಮನಿ ಕಡೆ ತಲಿ ಹಾಕಬ್ಯಾಡ.’ ಮೂರನೆಯ ದಿನ ಹುಡುಗಿ ಕುತ್ತಿಗೆ ಹೊರಗೆ ಚಾಚಿ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಒಳಗೆ ಬಂದಳು. ‘ತಲಿ ಹಾಕಿಲ್ಲ ಆಯಿ, ಬರೇ ಕಾಲ್ ಹಾಕೀನಿ.’

ಕಣ್ಣು, ಬಾಯಿ, ತಲೆ. ಮೂರೂ ಮೈಯ ಭಾಗ, ಮೂರನ್ನೂ ಚಿತ್ರದಲ್ಲಿ ಬಿಡಿಸಬಹುದು, ಮೂರೂ ಒಂದೇ ಒಲೆಯ ಸುತ್ತ. ಹುಡುಗಿ ದಡ್ಡಿಯಲ್ಲ, ಚೇಷ್ಟೆಯವಳೂ ಅಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ‘ಬೇಕಂತ ಮಾಡಿದಳು’ ಎಂಬ ಸುಳಿವು ಒಂದೇ ಒಂದು ಸಾಲಿನಲ್ಲಿ ಸಿಕ್ಕರೂ ಮಕ್ಕಳು ಆಯಿಯ ಪಕ್ಷಕ್ಕೆ ಹೋಗಿಬಿಡುತ್ತಾರೆ.

ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವಿದೆ, ಬರೆಯುವವರು ಬಹುಮಟ್ಟಿಗೆ ಎಡವುವುದು ಇಲ್ಲೇ. ಕನ್ನಡದ ನುಡಿಗಟ್ಟಿನಲ್ಲಿ ‘ಅನ್ನು’ ಪ್ರತ್ಯಯ ಸಾಮಾನ್ಯವಾಗಿ ಬಿದ್ದುಹೋಗಿರುತ್ತದೆ. ‘ಅವನು ಕೈ ಕೊಟ್ಟ’ ಅಂದರೆ ಮೋಸ ಮಾಡಿದ. ‘ಅವನು ಕೈಯನ್ನು ಕೊಟ್ಟ’ ಅಂದೊಡನೆ ಬರೀ ಕೈ ಚಾಚಿದ ಎಂದಾಗುತ್ತದೆ. ಆಯಿಯ ಬಾಯಲ್ಲಿ ‘ಒಂದು ಕಣ್ಣನ್ನು ಇಟ್ಟಿರು’ ಎಂದು ಗ್ರಂಥಸ್ಥವಾಗಿ ಬರೆದರೆ ನುಡಿಗಟ್ಟು ಅಲ್ಲೇ ಸತ್ತಿತು. ದೊಡ್ಡವರ ಮಾತು ಪ್ರತ್ಯಯವಿಲ್ಲದೆ ಬರಲಿ. ಪ್ರತ್ಯಯ ಹಚ್ಚುವ ಅಧಿಕಾರ ಮಗುವಿನದು.

ಅಳತೆಯೂ ಇರಲಿ. ನಾಲ್ಕನೆಯ ತರಗತಿಗೆ ಇಡೀ ಕತೆ 500 ಪದ ದಾಟದಿದ್ದರೆ ಒಳ್ಳೆಯದು: ಪೀಠಿಕೆಗೆ 50, ಒಂದೊಂದು ಎಡವಟ್ಟಿಗೆ 120ರ ಆಸುಪಾಸು, ಉಳಿದದ್ದು ಮುಕ್ತಾಯಕ್ಕೆ. ಮೊದಲ ನುಡಿಗಟ್ಟು ಐದನೆಯ ವಾಕ್ಯದೊಳಗೆ ಬಂದುಬಿಡಬೇಕು. ಕತೆ ಓದುವ ಮೊದಲು ಮೂರೂ ನುಡಿಗಟ್ಟನ್ನು ಹಿಂದಿನ ದಿನ ಬಾಯಿಮಾತಿನಲ್ಲಿ ಕೇಳಿ ನೋಡಿ: ‘ಆಯಿ ಹಿಂಗಂದ್ರ ನೀವೇನ್ ಮಾಡಬೇಕು?’ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸರಿಯಾದ ಅರ್ಥ ಹೇಳದಿದ್ದರೆ ಆ ನುಡಿಗಟ್ಟು ಬಿಡಿ. ಒಳಅರ್ಥ ಗೊತ್ತಿಲ್ಲದ ಮಗುವಿಗೆ ಹುಡುಗಿ ಮಾಡಿದ್ದೇ ಸರಿ ಅನ್ನಿಸುತ್ತದೆ, ನಗಲು ಏನೂ ಉಳಿಯುವುದಿಲ್ಲ. ದಿನಬಳಕೆಯ ನುಡಿಗಟ್ಟು ಸಾಮಾನ್ಯವಾಗಿ 7–8 ವರ್ಷದ ಹೊತ್ತಿಗೆ ಹಿಡಿತಕ್ಕೆ ಬರತೊಡಗುತ್ತದೆ, ಆ ಬೆಳವಣಿಗೆ ಹದಿಹರೆಯದವರೆಗೂ ನಡೆದಿರುತ್ತದೆ. ಹಾಗಾಗಿ ನಲಿ-ಕಲಿಯ ಒಂದನೆಯ, ಎರಡನೆಯ ತರಗತಿಗೆ ಈ ಬಗೆಯ ಕತೆ ಸ್ವಲ್ಪ ಬೇಗವೇ.

ಪ್ರಶ್ನೆ: ‘ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯಿ’ ಎಂಬುದನ್ನು ಹಿಡಿದು ಕತೆ ಬರೆದಿದ್ದೇನೆ. ಮನೆಯವರು ಬೇಡ ಅನ್ನುತ್ತಾರೆ. ಇಷ್ಟಕ್ಕೆಲ್ಲ ಹೆದರಬೇಕೆ? (ಧಾರವಾಡ)

ಮನೆಯವರು ಹೇಳಿದ್ದೇ ಸರಿ. ಕೇಳಿದ ಕತೆಯನ್ನು ಮಕ್ಕಳು ಸಂಜೆಗೆ ಆಡಿ ನೋಡುತ್ತಾರೆ. ಕಣ್ಣಿಗೆ ಎಣ್ಣೆ, ‘ಕಿವಿಗೆ ಹಾಕು’, ‘ಹೊಟ್ಟಿಗೆ ಹಾಕ್ಕೋ’, ‘ಮೂಗು ತೂರಿಸು’, ‘ಬೆಂಕಿ ಹಚ್ಚು’, ಇವೆಲ್ಲ ಮಾಡಿ ನೋಡಲು ಸುಲಭ, ಅದೇ ತೊಂದರೆ. ಕಿವಿಯೊಳಗೆ ಕಡ್ಲಿ ಕಾಳು, ಹೊಟ್ಟೆಯೊಳಗೆ ನಾಣ್ಯ ಅಥವಾ ಆಟಿಗೆಯ ಗುಂಡಿ ಸೆಲ್ಲು ಹೋದರೆ ಅದು ನೇರ ದವಾಖಾನೆಯ ಕೆಲಸ.

ಆ ನುಡಿಗಟ್ಟು ಬಿಡಲು ಮನಸ್ಸಿಲ್ಲದಿದ್ದರೆ ಕತೆಯನ್ನು ಪ್ರಶ್ನೆಯಲ್ಲೇ ತಡೆದು ನಿಲ್ಲಿಸಿ. ಹುಡುಗ ಅಡಿಗೆಮನೆಗೆ ಹೋಗಿ ‘ಯಾವ ಎಣ್ಣಿ ಅವ್ವಾ, ಕುಸುಬಿದೋ ಶೇಂಗಾದ್ದೋ?’ ಎಂದು ಕೇಳಲಿ, ಅವ್ವ ಬಾಟ್ಲಿ ಕಸಿದುಕೊಳ್ಳಲಿ. ನಗು ಆ ಪ್ರಶ್ನೆಯಲ್ಲೇ ಇದೆ, ಎಣ್ಣೆ ಬೀಳುವವರೆಗೆ ಕಾಯಬೇಕಿಲ್ಲ.

ಹಳೆಯ ಜನಪದ ಕತೆಗಳಿಗೆ ಈ ಅಂಜಿಕೆ ಇರಲಿಲ್ಲ ಎಂಬುದೂ ನಿಜ. ಆರ್ನೆ, ಥಾಂಪ್ಸನ್, ಉಥರ್ ಅವರ ಕತೆಗಳ ಸೂಚಿಯಲ್ಲಿ 1006ನೆಯ ಮಾದರಿ ಇಂಥದ್ದೇ: ‘ಅದರ ಮೇಲೆ ಕಣ್ಣು ಹಾಕು’ ಅಂದದ್ದಕ್ಕೆ ಆಳುಮಗ ಧಣಿಯ ದನಕುರಿ ಕಡಿದು ಅವುಗಳ ಕಣ್ಣು ಕಿತ್ತು ಎಸೆಯುತ್ತಾನೆ. ಅದು ಧಣಿಯ ಮೇಲೆ ಸೇಡು ತೀರಿಸುವ ದೊಡ್ಡವರ ಕತೆ. ‘ಬಾಗಿಲು ಕಾಯಿ’ ಅಂದರೆ ಬಾಗಿಲನ್ನೇ ಕಿತ್ತು ಬೆನ್ನ ಮೇಲೆ ಹೊತ್ತು ಹೋಗುವವನ ಕತೆ ಮಾತ್ರ ಮಕ್ಕಳಿಗೆ ಧಾರಾಳವಾಗಿ ಹೇಳಬಹುದು. ಹಲವು ದೇಶಗಳಲ್ಲಿ ಅದು ಓಡಾಡಿದೆ. ಯಾವ ಮಗುವಿಗೂ ಬಾಗಿಲು ಕೀಳಲು ಆಗುವುದಿಲ್ಲ!

ಜಾತಿಯ ಹೆಸರು, ಅಂಗವೈಕಲ್ಯ ಹಿಡಿದು ಆಡುವ ಗಾದೆಗಳನ್ನು ಎಷ್ಟೇ ಚುರುಕಾಗಿದ್ದರೂ ಎತ್ತಿಕೊಳ್ಳಬೇಡಿ.

ಪ್ರಶ್ನೆ: ಕತೆಯ ಕೊನೆಗೆ ಅಜ್ಜ ಬಂದು ‘ನುಡಿಗಟ್ಟಿನ ಅರ್ಥ ತಿಳಿದುಕೊಂಡು ಮಾತಾಡಬೇಕು’ ಎಂದು ಬುದ್ಧಿ ಹೇಳುತ್ತಾನೆ. ಓದಿದವರು ಸಪ್ಪೆ ಅಂದರು. ಬೇರೆ ಹೇಗೆ ಮುಗಿಸಲಿ? (ಹುಬ್ಬಳ್ಳಿ)

ಅಜ್ಜನನ್ನು ಕಟ್ಟೆಯ ಮೇಲೇ ಕೂರಲು ಬಿಡಿ. ಮಗು ತಿದ್ದಿಕೊಂಡು ಮುಗಿಯುವುದಕ್ಕಿಂತ ದೊಡ್ಡವರು ಮಾತು ತಿದ್ದಿಕೊಂಡು ಮುಗಿಯುವುದು ಚೆಂದ. ಮೇಲಿನ ಹಾಲಿನ ಕತೆಯಲ್ಲಿ ನಾಲ್ಕನೆಯ ದಿನ ಆಯಿ ಬಿಡಿಸಿ ಹೇಳುತ್ತಾಳೆ: ‘ಹಾಲು ಮ್ಯಾಲೆ ಬಂದ ಕೂಡ್ಲೇ ನನ್ನ ಕರಿ.’ ಹುಡುಗಿ ಕರೆಯುತ್ತಾಳೆ, ಹಾಲು ಉಳಿಯುತ್ತದೆ. ಹಿಗ್ಗಿದ ಆಯಿಯ ಬಾಯಿಂದ ಹಳೆಯ ಚಾಳಿ ಜಾರುತ್ತದೆ: ‘ಶಾಣ್ಯಾಕಿ! ನಮ್ಮ ಮನೀ ದೀಪ ನೀ!’ ಹುಡುಗಿ ಎದ್ದು ಹೋಗಿ ಟ್ಯೂಬ್‌ಲೈಟ್ ಆರಿಸುತ್ತಾಳೆ. ಅಲ್ಲಿಗೆ ಬಿಟ್ಟುಬಿಡಿ. ಆಯಿ ನಕ್ಕಳು, ಎಲ್ಲರೂ ನಕ್ಕರು ಎಂದು ಬರೆದರೆ ಓದುವ ಮಗುವಿನ ನಗುವನ್ನು ನೀವೇ ನಕ್ಕಂತೆ.

ಪ್ರಶ್ನೆ: ಕತೆಯನ್ನು ಪುಸ್ತಕದ ಕನ್ನಡದಲ್ಲಿ ಬರೆಯಬೇಕೋ ನಮ್ಮ ಮಾತಿನಲ್ಲೋ? ಇಂಗ್ಲಿಷಿನ ಇಂಥ ಕತೆಗಳನ್ನು ಅನುವಾದಿಸಬಹುದೆ? (ರಾಣೆಬೆನ್ನೂರು)

ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ, ಸಂಭಾಷಣೆ ಊರ ಮಾತಿನಲ್ಲಿರಲಿ. ನುಡಿಗಟ್ಟು ಬದುಕಿರುವುದು ಬಾಯಲ್ಲಿ. ‘ಅವನ ಬೆನ್ನ ಹತ್ತಬ್ಯಾಡ’ ಅಂದರೆ ನಮ್ಮ ಕಡೆ ಹಿಂಬಾಲಿಸಬೇಡ ಎಂದರ್ಥ. ‘ಬೆನ್ನ ಮ್ಯಾಲೆ ಅಲ್ಲ ಅಕ್ಕಾರ, ಹೆಗಲ ಮ್ಯಾಲೆ ಹತ್ತೀನಿ’ ಎಂಬ ಉತ್ತರ ನಮ್ಮ ಮಕ್ಕಳಿಗೆ ಥಟ್ಟನೆ ಹತ್ತುತ್ತದೆ. ಆದರೆ ಕಾಗುಣಿತ ಒಂದೇ ತೆರನಾಗಿರಲಿ. ‘ಮ್ಯಾಲೆ’ ಎಂದು ಒಮ್ಮೆ, ‘ಮ್ಯಾಗ’ ಎಂದು ಇನ್ನೊಮ್ಮೆ ಬರೆದರೆ ಕೂಡಿಸಿ ಓದುವ ಮಗು ತಡವರಿಸುತ್ತದೆ.

ನಿಮ್ಮ ಊರಿನವರಿಗೆ ಒಂದು ಬೋನಸ್ಸೂ ಉಂಟು. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ‘ಚಿಗರಿ’ ಅಂದರೆ ಮೊದಲು ಎರಡೂ ಊರಿನ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸು. ಕೃಷ್ಣಮೃಗಗಳ ವನ್ಯಧಾಮ ಪಕ್ಕದಲ್ಲೇ ಇರುವ ರಾಣೆಬೆನ್ನೂರಿನ ಹುಡುಗನಿಗೆ ಅದು ನಾಲ್ಕು ಕಾಲಿನ ಚಿಗರಿ. ಧಾರವಾಡದ ಕಾಕಾ ಫೋನಿನಲ್ಲಿ ‘ಹುಬ್ಬಳ್ಳಿ ಹೊಸೂರಾಗ ಚಿಗರಿ ಹಿಡದು ಸೀದಾ ಧಾರವಾಡಕ್ಕ ಬಾ’ ಅಂದರೆ ಆ ಹುಡುಗ ಹಗ್ಗ ತಗೊಂಡೇ ಹೊರಡುತ್ತಾನೆ. ಬರೆಯಿರಿ.

ಅನುವಾದದ ವಿಷಯದಲ್ಲಿ ಕೈ ಸುಟ್ಟುಕೊಳ್ಳುವವರೇ ಹೆಚ್ಚು. ಆ ಭಾಷೆಯ ನುಡಿಗಟ್ಟು ಕನ್ನಡಕ್ಕೆ ಬಂದಾಗ ನುಡಿಗಟ್ಟಾಗಿ ಉಳಿಯುವುದಿಲ್ಲ, ಹುಡುಗ ಎಡವಲು ಕಲ್ಲೇ ಇರುವುದಿಲ್ಲ. ಕತೆಯ ಹಂದರ ಇಟ್ಟುಕೊಂಡು ನುಡಿಗಟ್ಟುಗಳನ್ನೆಲ್ಲ ನಮ್ಮವೇ ಹಾಕಬೇಕು, ಆಗ ಅದು ಹೆಚ್ಚುಕಡಿಮೆ ಹೊಸ ಕತೆಯೇ. ಅಂದಹಾಗೆ ‘ಮುಗಿಲಿಗೆ ತೂತು ಬಿದ್ದಾಂಗ ಮಳಿ’ ಎಂಬಂಥ ಹೋಲಿಕೆಗಳೂ ಈ ಕೆಲಸಕ್ಕೆ ಅಷ್ಟಾಗಿ ಬರುವುದಿಲ್ಲ. ‘ಹಾಂಗ’ ಅನ್ನುವ ಮಾತೇ ಗುಟ್ಟು ಬಿಟ್ಟುಕೊಡುತ್ತದೆ.

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಯಾರು ಏನಂದರೂ ಇದ್ದದ್ದು ಇದ್ದಂಗೇ ತಿಳಿಯುತ್ತಾನೆ. ಇಂಥ ಕತೆ ಅವನಿಗೆ ಓದಬಹುದೆ? (ಹಾವೇರಿ)

ಓದಬಹುದು, ಆದರೆ ಮೊದಲ ಸಲ ಅವನೊಬ್ಬನಿಗೇ, ಮನೆಯಲ್ಲಿ. ಒಳಅರ್ಥವನ್ನು ಮೊದಲೇ ಹೇಳಿಬಿಡಿ: ‘ಆಯಿ ಹಿಂಗಂದ್ರ, ಉಕ್ಕಿದಾಗ ನನ್ನ ಕರಿ ಅಂತ ಅರ್ಥ.’ ಹಾಳೆಯ ಒಂದು ಬದಿಗೆ ಹುಡುಗಿ ಮಾಡಿದ್ದು, ಇನ್ನೊಂದು ಬದಿಗೆ ಆಯಿ ಬಯಸಿದ್ದು, ಎರಡು ಚಿತ್ರ ಬರೆದು ತೋರಿಸಿದರೆ ಹಿಡಿಯುವುದು ಸುಲಭ. ದಿನಕ್ಕೆ ಒಂದೇ ನುಡಿಗಟ್ಟು ಸಾಕು. ಒಳಅರ್ಥ ತಿಳಿದ ಮೇಲೆ ತಾನೇ ಇಂಥ ಚೇಷ್ಟೆ ಕಟ್ಟಲು ಶುರುಮಾಡಿದರೂ ಆಶ್ಚರ್ಯವಿಲ್ಲ.

ತರಗತಿಯಲ್ಲಿ ಓದುವುದಾದರೆ ಅಕ್ಕಾರಿಗೆ ಮೊದಲೇ ತಿಳಿಸಿ. ಕತೆಯ ಹುಡುಗಿಗೆ ‘ದಡ್ಡಿ’ ‘ಹುಚ್ಚಿ’ ಎಂಬ ಮಾತು ಎಲ್ಲಾದರೂ ಬಂದಿದ್ದರೆ ಹೊಡೆದುಹಾಕಲು ಹೇಳಿ. ಉಳಿದ ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಹೊತ್ತೊಯ್ಯುವುದು ಅದೊಂದೇ ಶಬ್ದವನ್ನು.