ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ತಡವರಿಸುತ್ತದೆ, ಪಿ0171 ಕೋಡ್ ಬಂದಿದೆ. ಆಕ್ಸಿಜನ್ ಸೆನ್ಸರ್ ಬದಲಿಸಬೇಕಾ?

ಈಗಲೇ ಬದಲಿಸಬೇಡಿ. ನಿಮ್ಮದು ಪೆಟ್ರೋಲ್ ಕಾರು. ನಿಂತಲ್ಲಿಂದ ಹೊರಡುವಾಗ ಪೆಡಲ್ ಒತ್ತಿದರೆ ಒಂದು ಕ್ಷಣ ಪಿಕಪ್ಪೇ ಇರುವುದಿಲ್ಲ, ಆಮೇಲೆ ಜರ್ಕ್ ಹೊಡೆದು ಮುಂದಕ್ಕೆ ಹೋಗುತ್ತದೆ ಅಂದಿದ್ದೀರಿ. ಚೆಕ್ ಎಂಜಿನ್ ಲೈಟ್ ಹತ್ತಿದೆ, ಕೋಡ್ ನೋಡಿದ ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದಿದ್ದಾರೆ. ಆದರೆ ಪಿ0171 ಹೇಳುವುದು ಒಂದೇ ಮಾತು: ಒಳಗೆ ಹೋಗುತ್ತಿರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಈ ಕೊರತೆಯನ್ನು ಗುರುತಿಸಿ ಹೇಳಿದ್ದೇ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆ ಆಕ್ಸಿಜನ್ ಸೆನ್ಸರ್. ಜಾಸ್ತಿ ಸಲ ಅದು ನಿಜವನ್ನೇ ಹೇಳುತ್ತಿರುತ್ತದೆ.

ಪೆಡಲ್ ಒತ್ತಿದ ತಕ್ಷಣ ಎಂಜಿನ್ ಒಳಗೆ ಗಾಳಿ ನುಗ್ಗುತ್ತದೆ. ಅದೇ ಕ್ಷಣಕ್ಕೆ ಪೆಟ್ರೋಲ್ ಕೂಡ ಹೆಚ್ಚಬೇಕು. ಎಷ್ಟು ಹೆಚ್ಚಬೇಕು ಅನ್ನುವುದನ್ನು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕುವುದು ಸೆನ್ಸರ್‌ಗಳ ಮಾತು ಕೇಳಿ. ಯಾವುದೋ ಒಂದು ತಡವಾಗಿ ಹೇಳಿದರೆ, ಇಲ್ಲವೇ ಕಡಿಮೆ ಹೇಳಿದರೆ, ಮಿಶ್ರಣ ಆ ಕ್ಷಣಕ್ಕೆ ತೆಳುವಾಗುತ್ತದೆ. ನಿಮಗೆ ಕಾಲಿನ ಕೆಳಗೆ ಗೊತ್ತಾಗುವ ತಡವರಿಕೆ ಅದೇ.

ಹಾಗಾದರೆ ತಪ್ಪು ಹೇಳುತ್ತಿರುವ ಸೆನ್ಸರ್ ಯಾವುದು ಅಂತ ಹಿಡಿಯುವುದು ಹೇಗೆ? ನಾನು ಮಾಡುವುದು ಹೀಗೆ. ಪ್ರತಿ ಸೆನ್ಸರ್‌ಗೂ, ಉತ್ತರ ನನಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನೇ ಕೇಳುತ್ತೇನೆ. ಅದಕ್ಕೆ ಬೇಕಾಗಿರುವುದು ಡ್ಯಾಶ್‌ಬೋರ್ಡ್ ಕೆಳಗಿನ 16 ಪಿನ್‌ಗಳ ಒಬಿಡಿ ಸಾಕೆಟ್‌ಗೆ ಚುಚ್ಚುವ ಒಂದು ಬ್ಲೂಟೂತ್ ಅಡಾಪ್ಟರ್, ಮತ್ತೆ ಲೈವ್ ಡೇಟಾ ತೋರಿಸುವ ಒಂದು ಆ್ಯಪ್. ಅಲ್ಲಿಯವರೆಗೂ ಕೋಡ್ ಅಳಿಸಬೇಡಿ, ಬ್ಯಾಟರಿ ವೈರ್ ಬಿಚ್ಚಬೇಡಿ. ಕೋಡ್ ಬಂದ ಕ್ಷಣದಲ್ಲಿ ಆರ್‌ಪಿಎಂ, ವೇಗ, ಎಂಜಿನ್ ಬಿಸಿ ಎಷ್ಟಿತ್ತು ಅನ್ನುವುದು ಫ್ರೀಝ್ ಫ್ರೇಮ್‌ನಲ್ಲಿ ಉಳಿದಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ.

ಬೆಳಿಗ್ಗೆ, ಕಾರು ರಾತ್ರಿಯಿಡೀ ನಿಂತಿದ್ದಾಗ ಶುರು ಮಾಡಿ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಟೆಂಪರೇಚರ್ ಸೆನ್ಸರ್ ಮತ್ತು ಒಳಬರುವ ಗಾಳಿಯ ಟೆಂಪರೇಚರ್ ಸೆನ್ಸರ್ ಎರಡೂ ಹೊರಗಿನ ತಾಪಮಾನದ ಹತ್ತಿರವೇ ಇರಬೇಕು. ಕೂಲೆಂಟ್ ಸೆನ್ಸರ್ ಮಾತ್ರ 60 ಡಿಗ್ರಿ ಅಂದರೆ ಅದು ಸುಳ್ಳು. ಇಸಿಯು ಎಂಜಿನ್ ಬಿಸಿಯಾಗಿದೆ ಅಂದುಕೊಂಡು ಪೆಟ್ರೋಲ್ ಕಡಿಮೆ ಕೊಡುತ್ತದೆ, ತಣ್ಣಗಿದ್ದಾಗ ತಡವರಿಕೆ ಬರುತ್ತದೆ. ಮೈನಸ್ 40 ತೋರಿಸಿದರೆ ಹೆಚ್ಚಾಗಿ ವೈರ್ ತುಂಡಾಗಿದೆ ಅಥವಾ ಕನೆಕ್ಟರ್ ಕಳಚಿದೆ ಅಂತ ಅರ್ಥ.

ಅದೇ ಸ್ಥಿತಿಯಲ್ಲಿ, ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿ, ನಿಮ್ಮ ಕಾರಿನಲ್ಲಿ ಅದು ಇದ್ದರೆ. ಎಂಜಿನ್ ನಿಂತಿರುವಾಗ ಅದು ಅಳೆಯುವುದು ಹೊರಗಿನ ಗಾಳಿಯ ಒತ್ತಡವನ್ನೇ. ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಎತ್ತರದ ಜಾಗದಲ್ಲಿ ಇನ್ನೂ ಕಡಿಮೆ. ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಪೆಡಲ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಸಾಮಾನ್ಯವಾಗಿ 30ರಿಂದ 40ಕ್ಕೆ ಇಳಿಯಬೇಕು.

ಸ್ಟಾರ್ಟ್ ಮಾಡುವ ಮೊದಲು ಇನ್ನೊಂದು ಪರೀಕ್ಷೆ ಮುಗಿಸಿಬಿಡಿ. ಪೆಡಲ್ಲನ್ನು ನಿಧಾನವಾಗಿ ಪೂರ್ತಿ ಒತ್ತಿ, ಹಾಗೇ ನಿಧಾನವಾಗಿ ಬಿಡಿ. ಆ್ಯಪ್‌ನಲ್ಲಿ ಪೆಡಲ್ ಮತ್ತು ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಸೆನ್ಸರ್‌ಗಳ ಗ್ರಾಫ್ ತೆರೆದಿಟ್ಟುಕೊಳ್ಳಿ. ಗೆರೆ ಒಂದೇ ಸಮನೆ ಏರಿ ಇಳಿಯಬೇಕು. ಮಧ್ಯೆ ಎಲ್ಲಾದರೂ ಫಕ್ಕನೆ ಕುಸಿದು ಮತ್ತೆ ಎದ್ದರೆ, ಒಳಗಿನ ಟ್ರ್ಯಾಕ್ ಅಲ್ಲಿ ಸವೆದಿದೆ. ಇಂಥ ಸವೆತ ಶುರುವಿನ ಭಾಗದಲ್ಲೇ ಜಾಸ್ತಿ, ಯಾಕೆಂದರೆ ನಾವು ದಿನವಿಡೀ ಓಡಿಸುವುದು ಪೆಡಲ್ ಸ್ವಲ್ಪವೇ ಒತ್ತಿ. ಅಡಾಪ್ಟರ್ ನಿಧಾನದ್ದಾದರೆ ಚಿಕ್ಕ ಕುಸಿತ ಕಾಣದೆಯೂ ಹೋಗಬಹುದು, ಹಾಗಾಗಿ ನಾಲ್ಕಾರು ಸಲ ಒತ್ತಿ ನೋಡಿ.

ಇನ್ನು ಆಕ್ಸಿಜನ್ ಸೆನ್ಸರ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹಳೆಯ ಮಾದರಿಯ ಸೆನ್ಸರ್ (ಎರಡಿದ್ದರೆ ಎಂಜಿನ್‌ಗೆ ಹತ್ತಿರದ್ದು) 0.1ರಿಂದ 0.9 ವೋಲ್ಟ್ ನಡುವೆ ಬೇಗ ಬೇಗ ಮೇಲೆ ಕೆಳಗೆ ಆಡುತ್ತಿರಬೇಕು. ಅದಕ್ಕೂ ಗೊತ್ತಿರುವ ಉತ್ತರದ ಪ್ರಶ್ನೆ ಇದೆ. ಖಾಲಿ ರಸ್ತೆಯಲ್ಲಿ, ಗೇರ್‌ನಲ್ಲೇ ಇದ್ದು, ಪೆಡಲ್ ಪೂರ್ತಿ ಬಿಡಿ. ಆಗ ಇಸಿಯು ಪೆಟ್ರೋಲನ್ನೇ ನಿಲ್ಲಿಸುತ್ತದೆ, ಹೊಗೆ ಕೊಳವೆಯಲ್ಲಿ ಬರೀ ಗಾಳಿ. ಸೆನ್ಸರ್ ಸೊನ್ನೆಯ ಹತ್ತಿರ ಇಳಿಯಲೇಬೇಕು. ಜೋರಾಗಿ ಆಕ್ಸಿಲರೇಟ್ ಮಾಡಿದಾಗ 0.8ರ ಮೇಲೆ ಹೋಗಬೇಕು. ಎರಡೂ ಕಡೆ ತಟ್ಟನೆ ಹೋಗಿ ಬರುತ್ತಿದ್ದರೆ ಅದನ್ನು ಬಿಚ್ಚಿಸುವ ಮಾತೇ ಬೇಡ. ಹಲವು ಹೊಸ ಕಾರುಗಳಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಇರುತ್ತದೆ, ಅದರ ಅಂಕಿಗಳೇ ಬೇರೆ. ಅಲ್ಲಿ ಈ ವೋಲ್ಟ್ ಲೆಕ್ಕ ನಡೆಯುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಫೋನ್ ನೋಡಲಿ. ಓಡಿಸುತ್ತಾ ನೀವೇ ನೋಡಬೇಡಿ, ಪ್ಲೀಸ್.

ಕಷ್ಟ ಇರುವುದು ಗಾಳಿ ಅಳೆಯುವ ಮ್ಯಾಫ್ ಸೆನ್ಸರ್‌ನಲ್ಲಿ. ಎಷ್ಟು ಗಾಳಿ ಹೋಗುತ್ತಿದೆ ಅಂತ ನಮಗೂ ಮೊದಲೇ ಗೊತ್ತಿರುವುದಿಲ್ಲ ಅಲ್ವಾ? ಇಲ್ಲಿ ಫ್ಯೂಯಲ್ ಟ್ರಿಮ್ ಕೈ ಹಿಡಿಯುತ್ತದೆ. ಲೆಕ್ಕಕ್ಕಿಂತ ಎಷ್ಟು ಶೇಕಡಾ ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಯಿತು ಅಂತ ಇಸಿಯು ಬರೆದಿಟ್ಟುಕೊಳ್ಳುವ ಅಂಕಿ ಅದು. ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ. ಪ್ಲಸ್ 10, ಮೈನಸ್ 10ರ ಒಳಗಿದ್ದರೆ ಚಿಂತೆ ಇಲ್ಲ. ಪಿ0171 ಬಂದಿರುವುದರಿಂದ ನಿಮ್ಮದು ಎಲ್ಲೋ ಒಂದು ಕಡೆ ಪ್ಲಸ್ ದಿಕ್ಕಿನಲ್ಲಿ ತುಂಬ ಮೇಲಿರಬೇಕು. ಎಲ್ಲಿ ಅನ್ನುವುದೇ ಮುಖ್ಯ.

ಐಡಲ್‌ನಲ್ಲಿ ಜಾಸ್ತಿ ಇದ್ದು, 2500 ಆರ್‌ಪಿಎಂನಲ್ಲಿ ಹಿಡಿದಾಗ ಮಾಮೂಲಿಗೆ ಬಂದರೆ, ಮ್ಯಾಫ್ ಸೆನ್ಸರ್ ದಾಟಿದ ಮೇಲೆ ಎಲ್ಲಿಂದಲೋ ಕದ್ದು ಗಾಳಿ ಒಳಗೆ ಬರುತ್ತಿದೆ. ಅಂದರೆ ವ್ಯಾಕ್ಯೂಮ್ ಲೀಕ್. ಐಡಲ್‌ನಲ್ಲಿ ಸರಿ ಇದ್ದು, ಲೋಡ್ ಹೆಚ್ಚಿದ ಹಾಗೆ ಟ್ರಿಮ್ ಕೂಡ ಏರುತ್ತಾ ಹೋದರೆ, ಮ್ಯಾಫ್ ಕೊಳೆಯಾಗಿ ಗಾಳಿಯನ್ನು ಕಡಿಮೆ ಅಳೆಯುತ್ತಿರಬಹುದು. ಸುಸ್ತಾದ ಫ್ಯೂಯಲ್ ಪಂಪ್ ಕೂಡ ಇದೇ ಚಿತ್ರ ಕೊಡುತ್ತದೆ. ಹಾಗಾಗಿ ಮ್ಯಾಫ್ ತೊಳೆದ ಮೇಲೂ ಹಾಗೇ ಇದ್ದರೆ ಪೆಟ್ರೋಲ್ ಒತ್ತಡವನ್ನು ಗೇಜ್ ಹಾಕಿಸಿ ನೋಡಿಸಿ. ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರಿನಲ್ಲಿ ಲೀಕ್ ಹೀಗೆ ಕಾಣುವುದಿಲ್ಲ. ಅಲ್ಲಿ ಆ ಗಾಳಿಯೂ ಲೆಕ್ಕಕ್ಕೆ ಸಿಗುತ್ತದೆ, ಐಡಲ್ ವೇಗ ಏರುವುದೇ ಗುರುತು.

ಮ್ಯಾಫ್ ತೊಳೆಯಲು ಅದಕ್ಕೆಂದೇ ಬರುವ ಸ್ಪ್ರೇ ಮಾತ್ರ ಬಳಸಿ. ಕಾರ್ಬ್ಯುರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್ ಬೇಡ. ಒಳಗಿನ ತಂತಿ ಕೂದಲಿನಷ್ಟು ನಾಜೂಕು; ಬಟ್ಟೆ, ಬೆರಳು ಯಾವುದೂ ತಾಗಬಾರದು. ಪೂರ್ತಿ ಒಣಗಿದ ಮೇಲೆ ಜೋಡಿಸಿ. ಎಣ್ಣೆ ಹಚ್ಚುವ ರೀತಿಯ ಏರ್ ಫಿಲ್ಟರ್ ಹಾಕಿಸಿದ್ದರೆ ಆ ಎಣ್ಣೆಯೇ ತಂತಿಗೆ ಅಂಟಿರುವ ಸಾಧ್ಯತೆ ಇದೆ.

ಆದರೆ ನಿಮ್ಮ ಕಾರಿನಲ್ಲಿ ಮ್ಯಾಫ್ ಇದ್ದರೆ, ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಬೇರೆ ಕಡೆ. ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪ್ ಇದೆಯಲ್ಲ, ಅದರ ಮಡಿಕೆಗಳನ್ನು ಕೈಯಿಂದ ಅಗಲಿಸಿ ನೋಡಿ. ಹೊರಡುವಾಗ ಎಂಜಿನ್ ತನ್ನ ಮೌಂಟ್ ಮೇಲೆ ವಾಲುತ್ತದೆ, ಪೈಪ್ ಹಿಗ್ಗುತ್ತದೆ. ಮಡಿಕೆಯ ಸಂದಿನಲ್ಲಿ ಬಿರುಕಿದ್ದರೆ ಅದು ಬಾಯಿ ಬಿಡುವುದು ಆಗಲೇ. ಐಡಲ್‌ನಲ್ಲಿ ಮುಚ್ಚಿಕೊಂಡೇ ಇರುತ್ತದೆ, ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಕಾಣುವುದೇ ಇಲ್ಲ. ಸೆನ್ಸರ್‌ಗಳೆಲ್ಲ ಸರಿಯಾಗಿದ್ದೂ ಬರೀ ಈ ಪೈಪ್‌ನಿಂದ ಪಿ0171 ಬರುವುದು ನಾನು ಕಂಡಿದ್ದೇನೆ. ಜೊತೆಗೆ, ಎಂಜಿನ್ ಓಡುತ್ತಿರುವಾಗ ಸೆನ್ಸರ್ ಕನೆಕ್ಟರ್‌ಗಳನ್ನು ಮೆಲ್ಲಗೆ ಅಲ್ಲಾಡಿಸಿ. ಆಗ ಎಂಜಿನ್ ಸದ್ದು ಬದಲಾದರೆ ದೋಷ ವೈರಿಂಗ್‌ನಲ್ಲಿದೆ. ಫ್ಯಾನ್, ಬೆಲ್ಟ್‌ನಿಂದ ಕೈ ದೂರ ಇರಲಿ.

ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಬಗ್ಗೆಯೂ ಕೇಳಿದ್ದೀರಿ. ಅದು ಕೆಟ್ಟರೆ ಸಾಮಾನ್ಯವಾಗಿ ಎಂಜಿನ್ ಬಿಸಿಯಾದಾಗ ಆಫ್ ಆಗುತ್ತದೆ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದೆ. ನಿಮ್ಮದು ಹಾಗಿಲ್ಲ, ಸದ್ಯಕ್ಕೆ ಅದನ್ನು ಬಿಡಿ.

ಬಿಸಿ ಎಂಜಿನ್‌ನಲ್ಲಿ ಐಡಲ್ ಮತ್ತು 2500 ಆರ್‌ಪಿಎಂ ಎರಡೂ ಕಡೆಯ ಟ್ರಿಮ್, ಫ್ರೀಝ್ ಫ್ರೇಮ್‌ನಲ್ಲಿರುವ ಅಂಕಿಗಳು, ಇಷ್ಟನ್ನು ಕಾಮೆಂಟಿನಲ್ಲಿ ಹಾಕಿ. ನಿಮ್ಮ ಕಾರಿನಲ್ಲಿ ಇರುವುದು ಮ್ಯಾಫಾ, ಮ್ಯಾಪಾ ಅಂತಲೂ ಬರೆಯಿರಿ. ಮುಂದೆ ಯಾವುದನ್ನು ಬಿಚ್ಚಬೇಕು ಅಂತ ನೋಡಿ ಹೇಳುತ್ತೇನೆ.