ಅಸಲು ಬಂದರೆ ಸಾಕು ಅಂತ ಷೇರು ಇಟ್ಟುಕೊಂಡಿದ್ದೀರಾ?

220 ರೂಪಾಯಿಗೆ ತಗೊಂಡ ಷೇರು 130ಕ್ಕೆ ಇಳಿದಿದೆ, ಅಸಲು ಬಂದ ದಿನ ಮಾರಿಬಿಡುತ್ತೇನೆ, ಹೀಗೆ ಕಾಯೋದು ಸರಿನಾ ಅಥವಾ ಸುಮ್ನೆ ಮನಸ್ಸಿನ ಮಾತು ಕೇಳುತ್ತಿದ್ದೇನಾ ಅಂತ ಕೇಳಿದ್ದೀರಿ. ಗಮನಿಸಿದಿರಾ, ಪ್ರಶ್ನೆಯಲ್ಲಿ ಕಂಪನಿ ಬಗ್ಗೆ ಒಂದು ಮಾತೂ ಇಲ್ಲ. ಇರೋದೆಲ್ಲ ನೀವು ಕೊಟ್ಟ ಬೆಲೆಯ ಬಗ್ಗೆ.

ಆ 220 ನಿಮ್ಮ ಲೆಕ್ಕ ಅಷ್ಟೇ, ಷೇರು ಮುಂದೆ ಏರುತ್ತದೋ ಇಳಿಯುತ್ತದೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಳಿದದ್ದು 41%. ಆದರೆ 130ರಿಂದ ಮತ್ತೆ 220 ಆಗಬೇಕಾದರೆ ಸುಮಾರು 69% ಏರಬೇಕು.

ನಾನೂ ಇದನ್ನೇ ಮಾಡಿದವನು. 2018ರ ಜನವರಿಯಲ್ಲಿ ಸಣ್ಣ ಷೇರುಗಳೆಲ್ಲ ಮೇಲಿದ್ದಾಗ ಒಂದು ಟೆಕ್ಸ್‌ಟೈಲ್ ಕಂಪನಿಯ 500 ಷೇರು 340ರಂತೆ ತಗೊಂಡೆ. 250ಕ್ಕೆ ಇಳಿದಾಗ ಆವರೇಜ್ ಮಾಡೋಣ, ಕೊಂಡ ಸರಾಸರಿ ಬೆಲೆ ಇಳಿಯುತ್ತದೆ ಅಂತ ಇನ್ನೂ 300 ತಗೊಂಡೆ, ಕಂಪನಿಯ ಸಾಲ ಎಷ್ಟಿದೆ ಅಂತ ನೋಡಲೇ ಇಲ್ಲ. ಮಾರುವವರೆಗೂ ನಷ್ಟ ಅಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮರುವರ್ಷ ಮನೆಗೆ ಬಣ್ಣ ಹೊಡೆಸಲು ದುಡ್ಡು ಬೇಕಾಯಿತು. ಆಗ ಮಾರಿದ್ದು ಯಾವುದನ್ನು ಗೊತ್ತಾ? 18% ಲಾಭದಲ್ಲಿದ್ದ ಒಳ್ಳೆಯ ಷೇರನ್ನು! ಲಾಭ ತೋರಿಸಿ ಮನೆಯಲ್ಲಿ ಹೆಮ್ಮೆಯಿಂದ ಹೇಳಬಹುದಿತ್ತು. ನಷ್ಟದ್ದನ್ನು ಮಾರಿದ್ದರೆ ತಪ್ಪಾಯಿತು ಅಂತ ಹೆಂಡತಿ ಮುಂದೆ ಒಪ್ಪಿಕೊಳ್ಳಬೇಕಿತ್ತು, ಆ ನಾಚಿಕೆಯೇ ನನ್ನನ್ನು ತಡೆದದ್ದು.

ಇದು ನಿಮ್ಮದು, ನನ್ನದು ಮಾತ್ರ ಅಲ್ಲ. ಅಮೆರಿಕದ ಹಣಕಾಸು ಸಂಶೋಧಕ ಟೆರೆನ್ಸ್ ಓಡೀನ್ 10,000 ಹೂಡಿಕೆದಾರರ ಖಾತೆಗಳನ್ನು ನೋಡಿ 1998ರಲ್ಲಿ ಬರೆದರು: ಜನ ಲಾಭದ ಷೇರನ್ನು ಬೇಗ ಮಾರುತ್ತಾರೆ, ನಷ್ಟದ್ದನ್ನು ಹಿಡಿದುಕೊಂಡು ಕೂರುತ್ತಾರೆ. ಮಾರಿದ ಲಾಭದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಇಟ್ಟುಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ 3.4% ಜಾಸ್ತಿ ಕೊಟ್ಟಿದ್ದವು.

ನೀವು 2020ರ ಮಾತು ಎತ್ತಬಹುದು. ಮಾರ್ಚ್ 23ರಂದು ಷೇರುಪೇಟೆಯ ಸೂಚ್ಯಂಕ ನಿಫ್ಟಿ 7,610ಕ್ಕೆ ಬಿದ್ದಿತ್ತು, ನವೆಂಬರ್‌ನಲ್ಲಿ 13,000 ದಾಟಿತು, ಕಾದವರು ಗೆದ್ದರು ಅಲ್ವಾ? ನಿಜ. ಆದರೆ ನಿಫ್ಟಿ ಅಂದರೆ 50 ಕಂಪನಿ, ಸೋತವನ್ನು ತೆಗೆದು ಬೇರೆಯವನ್ನು ಸೇರಿಸುತ್ತಾ ಇರುತ್ತಾರೆ. ಅದೇ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಹೊರಗೆ ಹೋಗಿ ಶ್ರೀ ಸಿಮೆಂಟ್ ಒಳಗೆ ಬಂತು. ಸೂಚ್ಯಂಕ ಚೇತರಿಸಿಕೊಂಡಿತು ಅಂತ ನಿಮ್ಮ ಕೈಲಿರುವ ಒಂದು ಕಂಪನಿಯೂ ಚೇತರಿಸಿಕೊಳ್ಳಬೇಕು ಅಂತೇನಿಲ್ಲ. ಈ ಎರಡನ್ನೂ ದಯವಿಟ್ಟು ಬೇರೆ ಬೇರೆ ಇಟ್ಟು ನೋಡಿ. ಸೂಚ್ಯಂಕದ ಎಲ್ಲ ಕಂಪನಿಗಳಲ್ಲೂ ದುಡ್ಡು ಹಾಕುವ ಇಂಡೆಕ್ಸ್ ಫಂಡಿಗೆ ಎಸ್‌ಐಪಿ, ಅಂದರೆ ಕಂತಿನಲ್ಲಿ ದುಡ್ಡು ಕಟ್ಟುವುದು, ಇದ್ದರೆ ಮಾರುಕಟ್ಟೆ ಬಿತ್ತು ಅಂತ ಹೆದರಿ ನಿಲ್ಲಿಸಬೇಡಿ.

ಈಗ ನಿಮ್ಮ ಷೇರಿಗೆ ಬರೋಣ. ಅದನ್ನು ಮಾರಿದ ದುಡ್ಡು ನಗದಾಗಿ ಕೈಲಿದೆ ಅಂದುಕೊಳ್ಳಿ. ಇವತ್ತು 130ಕ್ಕೆ ಇದೇ ಷೇರನ್ನು ಹೊಸದಾಗಿ ಕೊಳ್ಳುತ್ತೀರಾ? ಹೌದಾದರೆ ಯಾಕೆ ಅಂತ ನಾಲ್ಕು ಸಾಲು ಬರೆದಿಡಿ: ಮಾರಾಟ ಹೆಚ್ಚುತ್ತಿದೆಯಾ, ಸಾಲ ತೀರುತ್ತಿದೆಯಾ, ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುವವರು, ಸಾಲಕ್ಕಾಗಿ ತಮ್ಮ ಪಾಲನ್ನು ಅಡ ಇಟ್ಟಿದ್ದಾರಾ. ಬರೆಯಲು ಏನೂ ಹೊಳೆಯದಿದ್ದರೆ ಇಟ್ಟುಕೊಳ್ಳಲು ಇರೋ ಕಾರಣ 220 ಒಂದೇ. ಮಾರಿದ ನಷ್ಟವೂ ಪೂರ್ತಿ ವ್ಯರ್ಥ ಅಲ್ಲ. ಆದಾಯ ತೆರಿಗೆ ರಿಟರ್ನ್ಸ್ ಗಡುವಿನೊಳಗೆ ಸಲ್ಲಿಸಿದರೆ ಆ ನಷ್ಟವನ್ನು ಎಂಟು ವರ್ಷದವರೆಗೆ ಬೇರೆ ಬಂಡವಾಳ ಲಾಭದಿಂದ, ಅಂದರೆ ಷೇರು, ಆಸ್ತಿ ಮಾರಿ ಬಂದ ಲಾಭದಿಂದ, ಕಳೆದು ತೆರಿಗೆ ಕಡಿಮೆ ಮಾಡಿಕೊಳ್ಳಬಹುದು. ಆದರೆ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರಿನ ನಷ್ಟವನ್ನು ದೀರ್ಘಾವಧಿ ಲಾಭದ ಎದುರಷ್ಟೇ ಕಳೆಯಬಹುದು.

ಒಂದೇ ಸಲ ಮಾರಲು ಮನಸ್ಸು ಬಾರದಿದ್ದರೆ ಅರ್ಧ ಮಾರಿ. ಆ ಟೆಕ್ಸ್‌ಟೈಲ್ ಷೇರನ್ನು ಕೊನೆಗೆ ನಾನು ಹಾಗೇ ಮಾರಿದೆ, 90 ರೂಪಾಯಿಗೆ. ಮೊದಲ 400 ಷೇರು ಮಾರಲು ಎರಡು ವಾರ ಒದ್ದಾಡಿದೆ. ಅವತ್ತು ರಾತ್ರಿ ಮನೆಯಲ್ಲಿ ಎಲ್ಲ ಹೇಳಿದೆ, ಉಳಿದ 400 ಮರುದಿನ ಬೆಳಿಗ್ಗೆಯೇ ಮಾರಿದೆ.